ಬೆಳಗಿನ ಜಾವದ ನೀರು

ಬಯಲಲ್ಲಿಟ್ಟ ಟಬ್ಬಿನ ಮೀನುಗಳು ಸಾಯುವುದು ಹೆಚ್ಚಾಗಿ ಯಾರೂ ನೋಡದ ಹೊತ್ತಿನಲ್ಲಿ. ಹಿಂದಿನ ಸಂಜೆ ಮೇವಿಗೆ ಮುಗಿಬಿದ್ದವು ಬೆಳಗ್ಗೆ ಏಳಕ್ಕೆ ಬಂದು ನೋಡಿದರೆ ಬಾಯಿ ತೆರೆದು ತೇಲುತ್ತಿರುತ್ತವೆ. ಕೈಯಿಟ್ಟರೆ ನೀರು ತಂಪಾಗಿದೆ, ವಾಸನೆಯಿಲ್ಲ, ಗಿಡಗಳು ಹಸಿರಾಗಿವೆ. ಆಗ ಬೈಗುಳವೆಲ್ಲ ಬಿಸಿಲಿಗೆ. ಬಿಸಿಲಿನ ಪಾಲೂ ಇದೆ, ಇಲ್ಲವೆನ್ನಲಾಗದು. ಆದರೆ ಹೆಚ್ಚಿನ ಸಲ ಕೊಂದದ್ದು ರಾತ್ರಿ.

ಲೆಕ್ಕ ಸರಳವಾಗಿದೆ. 20 ಡಿಗ್ರಿ ಸೆಲ್ಸಿಯಸ್ ನೀರು ಒಂದು ಲೀಟರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30ಕ್ಕೆ ಏರಿದಾಗ ಅದು ಏಳೂವರೆಗೆ ಇಳಿಯುತ್ತದೆ, 35ಕ್ಕೆ ಏಳರ ಆಸುಪಾಸಿಗೆ. ಇತ್ತ ನೀರು ಬಿಸಿಯಾದಷ್ಟೂ ಮೀನಿನ ಉಸಿರಾಟ ಚುರುಕಾಗುತ್ತದೆ, ತಳದಲ್ಲಿ ಕೊಳೆಯುವ ಕೆಲಸವೂ ಚುರುಕಾಗುತ್ತದೆ. ಆದಾಯ ಇಳಿದ ದಿನವೇ ಖರ್ಚು ಏರಿದಂತೆ. ಹಗಲಲ್ಲಿ ಪಾಚಿ, ಗಿಡಗಳು ಆಮ್ಲಜನಕ ಸುರಿಯುವುದರಿಂದ ಕೊರತೆ ಗೊತ್ತಾಗುವುದಿಲ್ಲ. ಕತ್ತಲಾದ ಮೇಲೆ ಅದೇ ಪಾಚಿ, ಅದೇ ಗಿಡ ಮೀನಿನ ಪಂಕ್ತಿಯಲ್ಲೇ ಕೂತು ಉಸಿರಾಡುತ್ತವೆ. ರಾತ್ರಿಯಿಡೀ ಇಳಿದಿಳಿದು ಸೂರ್ಯ ಹುಟ್ಟುವ ಸ್ವಲ್ಪ ಮೊದಲು ಆಮ್ಲಜನಕ ತಳ ಮುಟ್ಟುತ್ತದೆ. ಹಾಗಾಗಿ ಟಬ್ಬು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಕಾಫಿ ಕುಡಿದು ಬರುವ ಹೊತ್ತಿಗೆ ನೋಡಿ ಉಪಯೋಗವಿಲ್ಲ. ಐದೂವರೆಗೆ ಟಾರ್ಚ್ ಹಿಡಿದು ನೋಡಬೇಕು. ಮೀನುಗಳೆಲ್ಲ ಮೇಲ್ಮೈಗೆ ಮೂತಿ ಹಚ್ಚಿ ಗುಟುಕರಿಸುತ್ತಿದ್ದರೆ ಆ ಟಬ್ಬಿನಲ್ಲಿ ಮೀನೋ ಪಾಚಿಯೋ ಮೇವೋ ಯಾವುದೋ ಒಂದು ಹೆಚ್ಚಾಗಿದೆ ಎಂದರ್ಥ.

ಇನ್ನೊಂದು ಕೆಟ್ಟ ಹೊತ್ತು ಮಧ್ಯಾಹ್ನ ಮೂರು ಗಂಟೆ. ಶಾಖ ಎಲ್ಲರಿಗೂ ಗೊತ್ತು. ಅದರ ಜೊತೆ ನಡೆಯುವ ಇನ್ನೊಂದು ವಿದ್ಯಮಾನ ಅಷ್ಟು ಗೊತ್ತಿಲ್ಲ. ಬಿಸಿಲಿಗೆ ಪಾಚಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಹೋದಂತೆ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಏರುತ್ತದೆ. ಬೆಳಗ್ಗೆ ಏಳೂವರೆ ಇದ್ದದ್ದು ಹಸಿರು ನೀರಿನಲ್ಲಿ ಮಧ್ಯಾಹ್ನಕ್ಕೆ 9 ಮುಟ್ಟುವುದು ಅಪರೂಪವಲ್ಲ. ಮೀನಿನ ಹಿಕ್ಕೆ ಮತ್ತು ಉಳಿದ ಮೇವಿನಿಂದ ಬರುವ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ಅಷ್ಟೇನೂ ತೊಂದರೆ ಕೊಡದು, ಇನ್ನೊಂದು ಕಿವಿರು ಸುಡುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ವಿಷರೂಪದ ಪಾಲು ಶೇಕಡ ಒಂದಕ್ಕಿಂತ ಕಡಿಮೆ. 8ಕ್ಕೆ ಸುಮಾರು ಶೇ. 5, 9ಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಶಾಖ ಏರಿದರೆ ಇದೂ ಏರುತ್ತದೆ. ಬೆಳಗ್ಗೆ ನಿರಪಾಯವಾಗಿ ಬಿದ್ದಿದ್ದ ಅಷ್ಟೇ ಕೊಳೆ ಮಧ್ಯಾಹ್ನ ವಿಷವಾಗುವುದು ಹೀಗೆ. ಟೆಸ್ಟ್ ಕಿಟ್ ಇದ್ದವರು ಬೆಳಗ್ಗೆ ಅಳೆದು ಎಲ್ಲ ಸರಿಯಿದೆ ಎಂದು ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಮೂರು ಗಂಟೆಗೆ ಅಳೆಯಬೇಕು.

ಟಬ್ಬು ಆರಿಸುವುದರಿಂದ ಹಿಡಿದು ಮೇವು ಹಾಕುವವರೆಗಿನ ತೀರ್ಮಾನಗಳೆಲ್ಲ ಈ ಎರಡು ಹೊತ್ತಿನಿಂದಲೇ ಹೊರಡುತ್ತವೆ.

ಟಬ್ಬು ಎತ್ತರಕ್ಕಿಂತ ಅಗಲವಾಗಿರಲಿ. ಆಮ್ಲಜನಕ ಒಳಗೆ ಬರುವುದು ಮೇಲ್ಮೈಯಿಂದ. ನೂರು ಲೀಟರಿನ ಉದ್ದನೆಯ ಡ್ರಮ್ಮಿಗೂ ನೂರು ಲೀಟರಿನ ಅಗಲ ಟಬ್ಬಿಗೂ ನೀರು ಒಂದೇ, ಉಸಿರು ಬೇರೆ. 60 ಸೆಂಟಿಮೀಟರ್ ಅಗಲದ ದುಂಡು ಟಬ್ಬಿನಲ್ಲಿ 40 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಸುಮಾರು 113 ಲೀಟರ್ ಆಗುತ್ತದೆ. ಶುರು ಮಾಡುವವರಿಗೆ ಇದು ಒಳ್ಳೆಯ ಅಳತೆ. ನಲವತ್ತು ಲೀಟರಿಗಿಂತ ಚಿಕ್ಕದನ್ನು ನೇರ ಬಿಸಿಲಿನ ಬೇಸಿಗೆಯಲ್ಲಿ ಇಡಬಾರದು. ಅಷ್ಟು ಕಡಿಮೆ ನೀರು ಒಂದೇ ಮಧ್ಯಾಹ್ನದಲ್ಲಿ ಹತ್ತು ಡಿಗ್ರಿ ಏರಿ ರಾತ್ರಿ ಮತ್ತೆ ಇಳಿಯಬಲ್ಲದು, ಆ ಏರಿಳಿತವೇ ಮೀನನ್ನು ಸೋಲಿಸುತ್ತದೆ. ತಾರಸಿ ಅಥವಾ ಬಾಲ್ಕನಿಯಲ್ಲಿ ಇಡುವವರು ಭಾರದ ಲೆಕ್ಕವನ್ನೂ ಹಾಕಬೇಕು. 40 ಸೆಂಟಿಮೀಟರ್ ಆಳದ ನೀರು, ಟಬ್ಬು ಎಷ್ಟೇ ಅಗಲವಿರಲಿ, ಚದರ ಮೀಟರಿಗೆ 400 ಕಿಲೋ ಒತ್ತುತ್ತದೆ. ನಾಲ್ಕು ಟಬ್ಬನ್ನು ತಾರಸಿಯ ನಟ್ಟನಡುವೆ ಗುಂಪುಗೂಡಿಸುವ ಬದಲು ಕೆಳಗೆ ಗೋಡೆ ಇರುವ ಅಂಚಿನ ಗುಂಟ ಹರಡಿ ಇಡಿ. ಕಟ್ಟಡದ ಬಗ್ಗೆ ಅನುಮಾನವಿದ್ದರೆ ನೆಲದ ಮೇಲೇ ಇಡಿ.

ಬಣ್ಣದ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ಕಪ್ಪು ಟಬ್ಬಿನಲ್ಲಿ ಮೀನಿನ ಬಣ್ಣ ಎದ್ದು ಕಾಣುತ್ತದೆ, ಮೀನೂ ನಿರ್ಭಯವಾಗಿರುತ್ತದೆ. ಆದರೆ ಕಪ್ಪು ಬಿಸಿಲನ್ನು ಕುಡಿಯುತ್ತದೆ. ಬೇಸಿಗೆ ಹಿತವಾಗಿರುವ ಕಡೆ ಕಪ್ಪೇ ಸರಿ. ಮಧ್ಯಾಹ್ನದ ಗಾಳಿ 35 ಡಿಗ್ರಿ ದಾಟುವ ಕಡೆ ಒಳಗೆ ಕಪ್ಪು ಇಟ್ಟು ಹೊರಮೈಗೆ ಹಸಿ ಗೋಣಿ ಸುತ್ತಿ. ಗೋಣಿಯ ನೀರು ಆರುವಾಗ ಟಬ್ಬಿನ ಶಾಖವನ್ನೂ ಒಂದಿಷ್ಟು ಕೊಂಡೊಯ್ಯುತ್ತದೆ. ಕಾದ ಕಾಂಕ್ರೀಟಿನ ಮೇಲೆ ನೇರ ಇಡಬೇಡಿ. ಕೆಳಗೆ ಹಲಗೆಯೋ ಥರ್ಮೋಕೋಲೋ ಇರಲಿ. ಆಹಾರಕ್ಕೆ ಬಳಸುವ ದರ್ಜೆಯ ಪ್ಲಾಸ್ಟಿಕ್ ಒಳ್ಳೆಯದು. ತಾಮ್ರ, ಸತು ಲೇಪಿಸಿದ ತಗಡು ಬೇಡವೇ ಬೇಡ. ಸಿಮೆಂಟ್ ತೊಟ್ಟಿಯಾದರೆ ಹೊಸತರಲ್ಲಿ ಸುಣ್ಣ ಬಿಡುತ್ತದೆ, ಪಿಎಚ್ 11 ದಾಟುವುದೂ ಉಂಟು. ನೀರು ತುಂಬಿ, ಮೂರು ನಾಲ್ಕು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬಿ, ಹೀಗೆ ಮೂರು ವಾರ ಮಾಡಿದ ಮೇಲೂ ಪಿಎಚ್ ಅಳೆದೇ ಮೀನು ಬಿಡಬೇಕು.

ಜಾಗ ಬೆಳಗಿನ ಬಿಸಿಲಿನದಾಗಿರಲಿ. ಮೂರು ನಾಲ್ಕು ಗಂಟೆ ಪೂರ್ವದ ಬಿಸಿಲು, ಹನ್ನೊಂದರ ನಂತರ ನೆರಳು. ರಾತ್ರಿ ಬರಿದಾದ ಆಮ್ಲಜನಕವನ್ನು ಬೆಳಗಿನ ಬಿಸಿಲು ಬೇಗ ತುಂಬುತ್ತದೆ, ಮಧ್ಯಾಹ್ನದ ನೆರಳು ಶಾಖವನ್ನು ತಡೆಯುತ್ತದೆ. ಗೋಡೆಯ ನೆರಳು ಸಿಗದಿದ್ದರೆ ಶೇ. 50ರ ಶೇಡ್ ನೆಟ್ಟನ್ನು ಟಬ್ಬಿಗಿಂತ ಒಂದೆರಡು ಅಡಿ ಮೇಲೆ ಕಟ್ಟಿ. ಬಾಯಿಗೇ ಬಿಗಿದರೆ ಗಾಳಿಯಾಟ ಕಮ್ಮಿಯಾಗುತ್ತದೆ.

ಕೊಳಾಯಿ ನೀರಿನ ಕ್ಲೋರಿನ್ ಬಯಲಲ್ಲಿ ಒಂದೆರಡು ದಿನದಲ್ಲಿ ಹಾರಿಹೋಗುತ್ತದೆ. ಕ್ಲೋರಿನ್ ಜೊತೆ ಅಮೋನಿಯಾ ಕೂಡಿದ ಕ್ಲೋರಮಿನ್ ಹಾಕಿದ ನೀರಾದರೆ ಇಟ್ಟು ಪ್ರಯೋಜನವಿಲ್ಲ; ಸೋಡಿಯಂ ಥಯೋಸಲ್ಫೇಟ್ ಇರುವ ದ್ರಾವಣ ಹಾಕಬೇಕು, ಆಮೇಲೂ ಅದರಿಂದ ಬಿಡುಗಡೆಯಾದ ಅಮೋನಿಯಾ ಉಳಿಯುತ್ತದೆ ಎಂಬುದು ನೆನಪಿರಲಿ. ತಳಕ್ಕೆ ಮರಳು, ಮಣ್ಣು ಹಾಕದೆ ಬರಿದಾಗಿ ಬಿಟ್ಟರೆ ಕೊಳೆ ಕಾಣುತ್ತದೆ, ತೆಗೆಯಲೂ ಸುಲಭ. ನೈದಿಲೆ ಬೇಕೆನ್ನುವವರು ಕುಂಡದಲ್ಲಿ ಜೇಡಿಮಣ್ಣು ತುಂಬಿ ನೆಟ್ಟು, ಮೇಲೆ ಒಂದು ಪದರ ಜಲ್ಲಿ ಹಾಕಿ ಇಳಿಸಲಿ. ಹಾರ್ನ್‌ವರ್ಟ್, ಹೈಡ್ರಿಲ್ಲಾ, ಜಾವಾ ಮಾಸ್ ಇವು ಬೇರಿಗೆ ಮಣ್ಣು ಕೇಳುವುದಿಲ್ಲ. ತೇಲುವ ಗಿಡ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚಾಗದಂತೆ ವಾರಕ್ಕೊಮ್ಮೆ ಬಾಚಿ ತೆಗೆಯಿರಿ. ಅಂತರಗಂಗೆ ಪೂರ್ತಿ ಮುಚ್ಚಿದ ಟಬ್ಬು ನೋಡಲು ಚಂದ. ಒಳಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ.

ಹೊಸ ಟಬ್ಬನ್ನು ಎರಡು ವಾರ ಹಾಗೇ ಬಿಡಿ ಎನ್ನುವ ಸಲಹೆ ಸರಿಯೇ, ಆದರೆ ಬೇಸಿಗೆಯಲ್ಲಿ ಅಷ್ಟರೊಳಗೆ ಒಂದು ತಲೆಮಾರಿನ ಸೊಳ್ಳೆ ಹಾರಿಹೋಗಿರುತ್ತದೆ. ಬೆಚ್ಚಗಿನ ನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆ ಮೂಡಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ಹಳೆಯ ಟ್ಯಾಂಕಿನ ಫಿಲ್ಟರ್ ಸ್ಪಂಜನ್ನು ಹಿಂಡಿದ ನೀರು, ಒಂದು ಹಿಡಿ ಗಿಡ ಹಾಕಿ, ಎರಡು ಮೂರು ಗಟ್ಟಿಮುಟ್ಟಾದ ಗಪ್ಪಿಗಳನ್ನು ನಾಲ್ಕನೇ ದಿನಕ್ಕೇ ಬಿಡುವುದು ಮೇಲು. ಸೊಳ್ಳೆಮರಿ ತಿಂದುಕೊಂಡೇ ಇರುತ್ತವೆ, ಮೇವು ಬೇಡ. ಮೀನಿಲ್ಲದ ಪ್ರತಿ ಬಕೆಟ್ಟಿಗೂ ಸೊಳ್ಳೆಪರದೆಯ ಬಟ್ಟೆ ಬಿಗಿದಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಉಳಿದ ಮೀನುಗಳನ್ನು ಸಂಜೆ ಹೊತ್ತು ಬಿಡಿ. ಕವರನ್ನು ಅರ್ಧ ಗಂಟೆ ತೇಲಿಸಿ, ಟಬ್ಬಿನ ನೀರನ್ನು ಲೋಟದಷ್ಟು ಲೋಟದಷ್ಟು ಬೆರೆಸುತ್ತ ಇನ್ನರ್ಧ ಗಂಟೆ ಕಾಯಿರಿ.

ನೀರು ಆರುವುದು ಎಷ್ಟು ಎಂಬ ಅಂದಾಜು ಹೆಚ್ಚಿನವರಿಗೆ ಇರುವುದಿಲ್ಲ. ಒಣ ಬೇಸಿಗೆಯಲ್ಲಿ ದಿನಕ್ಕೆ 7 ಮಿಲಿಮೀಟರ್ ಇಳಿದರೆ ಮೇಲೆ ಹೇಳಿದ ಟಬ್ಬಿಗೆ ಎರಡು ಲೀಟರ್ ಲೆಕ್ಕ. ಆವಿಯಾಗುವುದು ನೀರು ಮಾತ್ರ, ಲವಣಗಳು ಅಲ್ಲೇ ಕೂರುತ್ತವೆ. ಬರೀ ತುಂಬುತ್ತ ಹೋದರೆ ತಿಂಗಳೊಪ್ಪತ್ತಿನಲ್ಲಿ ನೀರು ಗಡುಸಾಗುತ್ತದೆ. ವಾರಕ್ಕೊಮ್ಮೆ ತಳದ ಕೊಳೆಯ ಜೊತೆ ಹತ್ತು ಹದಿನೈದು ಲೀಟರ್ ಸೈಫನ್ ಮಾಡಿ ತೆಗೆದು, ಆಮೇಲೆ ತುಂಬಿ. ತುಂಬುವುದು ಬೆಳಗ್ಗೆ. ಬಿಸಿಲಲ್ಲಿ ಬಿದ್ದಿದ್ದ ಪೈಪಿನಿಂದ ಮೊದಲು ಬರುವುದು ಕೈ ಸುಡುವ ನೀರು. ಅದನ್ನು ಗಿಡಕ್ಕೂ ಬಿಡದೆ ಚೆಲ್ಲಬೇಕು. ಮಧ್ಯಾಹ್ನ ಮೀನಿಗೆ ಸೆಕೆಯಾಗುತ್ತಿದೆಯೆಂದು ಕನಿಕರದಿಂದ ತಣ್ಣೀರು ಸುರಿಯುವುದು, ಐಸ್ ಹಾಕುವುದು ಬೇಡ. ಐದಾರು ಡಿಗ್ರಿ ಒಮ್ಮೆಲೇ ಇಳಿದರೆ ಮೀನು ಶಾಖವನ್ನಾದರೂ ತಡೆದೀತು, ಆ ಪೆಟ್ಟನ್ನು ತಡೆಯದು. ಒಂದೆರಡು ದಿನಕ್ಕೆ ಮೈಮೇಲೆ ರವೆ ಸಿಂಪಡಿಸಿದಂತೆ ಬಿಳಿ ಚುಕ್ಕೆ ಕಾಣಿಸಿಕೊಳ್ಳುವುದೂ ಉಂಟು.

ದಿಢೀರ್ ಮಳೆಯ ವಿಷಯವೂ ಇದೇ. ಟಬ್ಬು ತುಂಬಿ ಹರಿದರೆ ಮೀನೂ ಹರಿಯುತ್ತದೆ. ಅಂಚಿನಿಂದ ಐದು ಸೆಂಟಿಮೀಟರ್ ಕೆಳಗೆ 20 ಮಿಲಿಮೀಟರಿನ ಒಂದು ತೂತು ಕೊರೆದು, ಒಳಗಿನಿಂದ ನೈಲಾನ್ ಜಾಲರಿ ಅಂಟಿಸಿದರೆ ಮುಗಿಯಿತು. ಜಾಲರಿಗೆ ಎಲೆ ಕಟ್ಟಿಕೊಳ್ಳುತ್ತದೆ, ಆಗಾಗ ಉಜ್ಜಬೇಕು.

ಈಗ ಹಸಿರು ನೀರು. ಒಳಮನೆಯ ಟ್ಯಾಂಕಿನವರು ನೋಡಿ ಹೌಹಾರುವ, ಬಯಲ ಟಬ್ಬಿನವರು ಹದವಾಗಿ ಬೆಳೆಸುವ ಸೊತ್ತು ಇದು. ಸೂಕ್ಷ್ಮ ಪಾಚಿ ಅಮೋನಿಯಾವನ್ನು ನೇರ ಉಂಡು ಬೆಳೆಯುತ್ತದೆ. ಅದನ್ನು ತಿಂದು ಕಣ್ಣಿಗೆ ಕಾಣದ ಜೀವಿಗಳು ಬೆಳೆಯುತ್ತವೆ. ಅವನ್ನು ತಿಂದು ಮರಿಗಳು. ದಿನಕ್ಕೆ ಹತ್ತು ಸಲ ಪುಡಿ ಮೇವು ಹಾಕಿದರೂ ಬಾರದ ಬೆಳವಣಿಗೆ ಹಸಿರು ನೀರಿನಲ್ಲಿ ತಾನಾಗಿ ಬರುತ್ತದೆ, ಏಕೆಂದರೆ ಅಲ್ಲಿ ಊಟಕ್ಕೆ ಬಿಡುವೇ ಇಲ್ಲ. ಕೆಂಪು, ಕಿತ್ತಳೆ ಬಣ್ಣಗಳ ಮೂಲವಸ್ತು ಕೆರೊಟಿನಾಯ್ಡುಗಳನ್ನು ಮೀನು ತನ್ನ ಮೈಯಲ್ಲಿ ತಾನೇ ತಯಾರಿಸಿಕೊಳ್ಳಲಾರದು, ಮೇವಿನಿಂದಲೇ ಬರಬೇಕು. ಪಾಚಿಯಲ್ಲಿ ಅದು ಧಾರಾಳ. ಬಯಲ ಗೋಲ್ಡ್ ಫಿಶ್ ಬಣ್ಣ ಒಳಗಿನದಕ್ಕೆ ಬರುವುದಿಲ್ಲ ಎನ್ನುವುದರ ಗುಟ್ಟು ಹೆಚ್ಚಿನ ಮಟ್ಟಿಗೆ ಇಷ್ಟೇ. ಹಸಿರು ನೀರು ಮಾಡಲು ಮೀನಿದ್ದ ಹಳೆಯ ನೀರನ್ನು ಬಕೆಟ್ಟಿನಲ್ಲಿ ಬಿಸಿಲಿಗಿಟ್ಟು, ಹಸಿರಾದ ಇನ್ನೊಂದು ಟಬ್ಬಿನಿಂದ ಒಂದು ಚೊಂಬು ಬೆರೆಸಿದರೆ ವಾರದೊಳಗೆ ಸಿದ್ಧ.

ಹದ ತಪ್ಪಿದರೆ ಮಾತ್ರ ಮೊದಲು ಹೇಳಿದ ಎರಡೂ ಕೆಟ್ಟ ಹೊತ್ತುಗಳು ಇದರಿಂದಲೇ ಇನ್ನೂ ಕೆಡುತ್ತವೆ. ಬಿಳಿ ಚಮಚವೊಂದನ್ನು ಕಡ್ಡಿಗೆ ಕಟ್ಟಿ ಇಳಿಸಿ. 25ರಿಂದ 30 ಸೆಂಟಿಮೀಟರ್ ಆಳದವರೆಗೆ ಕಂಡರೆ ಹದವಾಗಿದೆ. 15ಕ್ಕೇ ಮಾಯವಾದರೆ ಅಂದೇ ಮೂರನೇ ಒಂದು ಭಾಗ ಬದಲಿಸಿ. ಇನ್ನೊಂದು ಅಪಾಯ ಎರಡು ಮೂರು ದಿನ ಮೋಡ ಕವಿದಾಗ ಬರುತ್ತದೆ: ದಟ್ಟ ಪಾಚಿ ಒಟ್ಟಿಗೆ ಸತ್ತು ಹಸಿರು ನೀರು ಒಂದೇ ರಾತ್ರಿಯಲ್ಲಿ ಹಳದಿ ಮಿಶ್ರಿತ ಕಂದಾಗುತ್ತದೆ, ಮೇಲೆ ಒಡೆಯದ ನೊರೆ ಕಟ್ಟುತ್ತದೆ. ನೀರು ತಿಳಿಯಾಯಿತೆಂದು ಖುಷಿಪಡುವ ಹೊತ್ತಲ್ಲ ಅದು. ಸತ್ತ ಪಾಚಿ ಕೊಳೆಯಲು ಉಳಿದ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ಅರ್ಧ ನೀರು ಬದಲಿಸಿ, ಮೇವು ನಿಲ್ಲಿಸಿ, ರಾತ್ರಿ ಏರ್ ಪಂಪ್ ಓಡಿಸಿ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ಕೊಳವೆಗೆ ನೀರು ಹಿಮ್ಮರಳದಂತೆ ತಡೆಯುವ ವಾಲ್ವ್ ಹಾಕಬೇಕು. ಕರೆಂಟು ಹೋದಾಗ ಟಬ್ಬಿನ ನೀರು ಪಂಪಿಗೆ ಇಳಿದುಬಿಡುತ್ತದೆ. ಬ್ಯಾಟರಿಯಿಲ್ಲದ ಸೋಲಾರ್ ಪಂಪ್ ಕೊಳ್ಳುವ ಮುನ್ನ ಒಂದು ಕ್ಷಣ ಯೋಚಿಸಿ: ಪಾಚಿ ತಾನೇ ಆಮ್ಲಜನಕ ಕೊಡುವ ಹೊತ್ತಿನಲ್ಲಿ ಅದು ಓಡುತ್ತದೆ, ಬೇಕಾದ ಹೊತ್ತಿನಲ್ಲಿ ಮಲಗುತ್ತದೆ.

ಮೇವು ಬಿಸಿಲೇರಿ ಒಂದೆರಡು ಗಂಟೆಯಾದ ಮೇಲೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಸಂಜೆಯ ದೊಡ್ಡ ಊಟ ಬೇಡ. ಅದು ಜೀರ್ಣವಾಗುವುದು ಆಮ್ಲಜನಕ ಇಲ್ಲದ ರಾತ್ರಿಯಲ್ಲಿ. ನೀರು 34 ಡಿಗ್ರಿ ದಾಟಿದ ದಿನ ಉಪವಾಸವಿಡಿ.

ಬೆಳಗಿನ ಜಾವಕ್ಕೆ ಇನ್ನೊಂದು ಮುಖವಿದೆ. ಮೆಡಾಕಾ, ಜೀಬ್ರಾ ಡೇನಿಯೊ, ಗೋಲ್ಡ್ ಫಿಶ್ ಮೂರೂ ಮೊಟ್ಟೆಯಿಡುವುದು ಹೆಚ್ಚಾಗಿ ಆ ಹೊತ್ತಿಗೇ. ಟಬ್ಬಿನಲ್ಲಿ ತಳಿ ಬೆಳೆಸುವವರಿಗೆ ಇವುಗಳಲ್ಲಿ ಮೆಡಾಕಾದಷ್ಟು ಒಗ್ಗುವ ಮೀನು ಇನ್ನೊಂದಿಲ್ಲ. ಹಗಲು 13 ಗಂಟೆ ದಾಟಿ ನೀರು 20 ಡಿಗ್ರಿಗಿಂತ ಮೇಲಿದ್ದರೆ ಹೆಣ್ಣು ಹೆಚ್ಚುಕಡಿಮೆ ದಿನವೂ ಹತ್ತರಿಂದ ಮೂವತ್ತು ಮೊಟ್ಟೆ ಇಡುತ್ತದೆ. ಅವು ಹೊಟ್ಟೆಯಡಿ ದ್ರಾಕ್ಷಿಗೊಂಚಲಿನಂತೆ ತೂಗಾಡಿ, ಬಿಸಿಲೇರುವಷ್ಟರಲ್ಲಿ ಗಿಡಕ್ಕೆ ಅಂಟಿಕೊಳ್ಳುತ್ತವೆ. ಗಿಡದ ಬದಲು ಅಕ್ರಿಲಿಕ್ ಉಣ್ಣೆಯ 20 ಸೆಂಟಿಮೀಟರ್ ಉದ್ದದ ನಲವತ್ತು ಎಳೆಗಳನ್ನು ಬಿರಡೆಗೆ ಕಟ್ಟಿ ತೇಲಿಸಿದರೆ ತೆಗೆಯುವುದು ಸುಲಭ. ಮೂರು ದಿನಕ್ಕೊಮ್ಮೆ ಆ ಕುಚ್ಚನ್ನೇ ಬೇರೆ ಪಾತ್ರೆಗೆ ಸಾಗಿಸಿ. ಮೊಟ್ಟೆಯನ್ನು ಬೆರಳ ನಡುವೆ ಮೆಲ್ಲಗೆ ಉರುಳಿಸಿ ನೋಡಬಹುದು: ಫಲಿತದ್ದು ಗಟ್ಟಿ, ಫಲಿಸದ್ದು ಒಡೆಯುತ್ತದೆ. ಬಿಳಿಯಾದವನ್ನು ಕೂಡಲೇ ತೆಗೆಯದಿದ್ದರೆ ಬೂಷ್ಟು ಪಕ್ಕದ್ದಕ್ಕೂ ಹಬ್ಬುತ್ತದೆ. ಮರಿಯಾಗುವ ಲೆಕ್ಕ ಡಿಗ್ರಿಗೆ ದಿನಗಳನ್ನು ಗುಣಿಸಿ ಸುಮಾರು 250. 25 ಡಿಗ್ರಿಯಲ್ಲಿ ಹತ್ತು ದಿನ. ಶಾಖ ಹೆಚ್ಚಿದರೆ ಬೇಗ ಮರಿಯಾಗುತ್ತದಲ್ಲ ಎಂದು ಬಿಸಿಲಿಗಿಡುವವರಿಗೆ ಒಂದು ಮಾತು. 32 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಬೆಳೆದ ಮೊಟ್ಟೆಗಳಲ್ಲಿ ಹೆಣ್ಣಾಗಬೇಕಿದ್ದ ಕೆಲವು ಗಂಡಾಗಿ ಬೆಳೆಯುತ್ತವೆ. ಮೊಟ್ಟೆಯ ಪಾತ್ರೆ ನೆರಳಲ್ಲೇ ಇರಲಿ.

ಗಪ್ಪಿಯದು ಬೇರೆಯೇ ಕಷ್ಟ, ಅತಿಯಾದ ಯಶಸ್ಸಿನದು. ಮೊಟ್ಟೆಯಿಲ್ಲ, ನೇರ ಮರಿ. ಸುಮಾರು ನಾಲ್ಕು ವಾರಕ್ಕೊಮ್ಮೆ, ಬೆಚ್ಚಗಿದ್ದರೆ ಇನ್ನೂ ಬೇಗ. ಮೂರು ಹೆಣ್ಣು, ಒಂದೊಂದಕ್ಕೆ ಮೂವತ್ತು ಮರಿ ಎಂದರೆ ತಿಂಗಳಿಗೆ ತೊಂಬತ್ತು. ಪಂಪಿಲ್ಲದ ನೂರು ಲೀಟರಿನಲ್ಲಿ ಬೆಳೆದ ಗಪ್ಪಿ ನಲವತ್ತಕ್ಕಿಂತ ಹೆಚ್ಚಿದ್ದರೆ ಬೆಳಗಿನ ಐದೂವರೆಯ ಪರೀಕ್ಷೆಯಲ್ಲಿ ಆ ಟಬ್ಬು ಪಾಸಾಗುವುದು ಕಷ್ಟ. ಆದ್ದರಿಂದ ಒಂದು ಗಂಡು, ಮೂರು ಹೆಣ್ಣು ಬಿಡುವ ದಿನವೇ ಎರಡನೇ ಟಬ್ಬು ಸಿದ್ಧವಿರಬೇಕು. ತಳಿಯ ಬಣ್ಣ ಕಾಪಾಡುವವರು ನಾಲ್ಕು ವಾರದೊಳಗೆ ಗಂಡು ಹೆಣ್ಣು ಬೇರ್ಪಡಿಸಬೇಕು. ಗಂಡಿನ ಹೊಟ್ಟೆಯಡಿಯ ಈಜುರೆಕ್ಕೆ ಕಡ್ಡಿಯಂತೆ ಚೂಪಾಗುತ್ತದೆ, ಹೆಣ್ಣಿನದು ಬೀಸಣಿಗೆಯಂತೆಯೇ ಉಳಿದು ಅದರ ಹತ್ತಿರ ಹೊಟ್ಟೆಯಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ತಡವಾದರೆ ಸರಿಪಡಿಸುವ ದಾರಿಯಿಲ್ಲ: ಒಮ್ಮೆ ಕೂಡಿದ ಹೆಣ್ಣು ಆ ವೀರ್ಯವನ್ನು ತಿಂಗಳುಗಟ್ಟಲೆ ಒಳಗಿಟ್ಟುಕೊಂಡು ಮರಿ ಹಾಕುತ್ತಲೇ ಇರುತ್ತದೆ.

ಗೋಲ್ಡ್ ಫಿಶ್‌ಗೆ ಇನ್ನೂರು ಲೀಟರಾದರೂ ಬೇಕು, ಮತ್ತು ಕಡು ಬೇಸಿಗೆಯಲ್ಲಿ ಮೊಟ್ಟೆ ನಿರೀಕ್ಷಿಸಬೇಡಿ. ಚಳಿ ಕಳೆದು ನೀರು 18ರಿಂದ 22ಕ್ಕೆ ಏರುವಾಗ ಗಂಡಿನ ಕಿವಿರ ಮುಚ್ಚಳದ ಮೇಲೆ ಬಿಳಿ ಗುಳ್ಳೆಗಳು ಏಳುತ್ತವೆ (ಅದು ರೋಗವಲ್ಲ, ಔಷಧಿ ಸುರಿಯಬೇಡಿ), ಹೆಣ್ಣನ್ನು ಗಿಡದೊಳಕ್ಕೆ ಅಟ್ಟಾಡಿಸುತ್ತವೆ. ಮೊಟ್ಟೆ ಹತ್ತಿದ ಗಿಡವನ್ನು ಅದೇ ಬೆಳಗ್ಗೆ ಬೇರೆ ಟಬ್ಬಿಗೆ ಹಾಕದಿದ್ದರೆ ಹಡೆದವರೇ ಮಧ್ಯಾಹ್ನದೊಳಗೆ ಮುಗಿಸುತ್ತಾರೆ.

ಫೈಟರ್ ಮೀನು ಗಾಳಿಯನ್ನೇ ಉಸಿರಾಡಬಲ್ಲದಾದ್ದರಿಂದ ಬೆಳಗಿನ ಜಾವದ ಭಯ ಅದಕ್ಕಿಲ್ಲ. ಭಯವಿರುವುದು ಗಾಳಿ ಮಳೆಯದು, ನೊರೆಗೂಡು ಒಡೆಯುತ್ತದೆ. 15 ಸೆಂಟಿಮೀಟರ್ ನೀರು, ಮೂಲೆಯಲ್ಲಿ ಒಂದು ಅಗಲ ಎಲೆ, ಬಾಯಿಗೆ ಬೆರಳಷ್ಟು ಸಂದು ಬಿಟ್ಟ ಮುಚ್ಚಳ. ಮೊಟ್ಟೆಯಿಟ್ಟ ಕೂಡಲೇ ಹೆಣ್ಣನ್ನು ತೆಗೆಯಬೇಕು, ಮರಿಗಳು ಅಡ್ಡಡ್ಡ ಈಜಲು ಕಲಿತ ದಿನ ಗಂಡನ್ನೂ. ಆ ಮರಿಗಳ ಬಾಯಿ ಎಷ್ಟು ಚಿಕ್ಕದೆಂದರೆ ಮೊದಲ ನಾಲ್ಕೈದು ದಿನ ಪುಡಿ ಮೇವು, ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯ ಮರಿ ಯಾವುದೂ ಹಿಡಿಸದು. ಹಸಿರು ನೀರಿಲ್ಲದೆ ಫೈಟರ್ ಮರಿ ಮಾಡಿಸಲು ಹೊರಡುವುದು ಅಕ್ಕಿಯಿಲ್ಲದೆ ಒಲೆ ಹೊತ್ತಿಸಿದಂತೆ. ವೈಟ್ ಕ್ಲೌಡ್‌ನಂಥ ತಣ್ಣೀರು ಮೀನಿಗೆ 22 ಡಿಗ್ರಿಯ ಆಸುಪಾಸು ಹಿತ. ಅಂಥವನ್ನು ಸುಡು ಬೇಸಿಗೆಯಲ್ಲಿ ಒಳಗೇ ಇಡಿ.

ಮರಿಗಳು ದಿನೇ ದಿನೇ ಕಡಿಮೆಯಾಗುತ್ತಿವೆ, ಹೆಣ ಮಾತ್ರ ಸಿಗುತ್ತಿಲ್ಲ ಎಂದರೆ ನೀರಿನ ದೋಷ ಹುಡುಕಬೇಡಿ. ಅಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳ ಸೇರಿದೆ. ಕೆಸರಿನ ಬಣ್ಣದ ಆರು ಕಾಲಿನ ಹುಳ. ಮುಖದಡಿ ಮಡಚಿಟ್ಟ ಕೊಕ್ಕೆಯ ತುಟಿಯನ್ನು ಕ್ಷಣದಲ್ಲಿ ಚಾಚಿ ಮರಿಯನ್ನು ಹಿಡಿಯುತ್ತದೆ. ಹೊಸ ಗಿಡದ ಕಾಂಡದೊಳಗಿನ ಮೊಟ್ಟೆಯಾಗಿಯೂ ಬರುತ್ತದೆ, ತೆರೆದ ಟಬ್ಬಿಗೆ ಚಿಟ್ಟೆ ಬಾಲ ಅದ್ದಿ ಹೋದಾಗಲೂ ಬರುತ್ತದೆ. ಔಷಧಿ ಹಾಕಿದರೆ ಮರಿಯೂ ಸಾಯುತ್ತದೆ. ಟಬ್ಬು ಖಾಲಿ ಮಾಡಿ, ತಳದ ಕೊಳೆಯನ್ನು ಬಿಳಿ ತಟ್ಟೆಯಲ್ಲಿ ಹರಡಿ ಹೆಕ್ಕುವುದೇ ದಾರಿ. ಮರಿ ಟಬ್ಬಿಗಾದರೂ ಸಣ್ಣ ಕಣ್ಣಿನ ಬಲೆ ಹಾಕಿ. ಮಿಂಚುಳ್ಳಿ, ಕಾಗೆ, ಬೆಕ್ಕುಗಳಿಗೂ ಅದೇ ಉತ್ತರ. ಗೋಡೆಗೆ ಅಂಟಿ ಕೈಬೀಸುವ ದಾರದಂಥ ಹೈಡ್ರಾ ಸಾಮಾನ್ಯವಾಗಿ ಹೊರಗಿನಿಂದ ಮೇವಿಗೆಂದು ತಂದ ಡಾಫ್ನಿಯಾ ಎಂಬ ಪುಟ್ಟ ನೀರುಜೀವಿಯ ಜೊತೆ ಬರುತ್ತದೆ. ಕೂದಲ ಪಾಚಿಯಲ್ಲಿ ಮರಿ ಸಿಕ್ಕಿಕೊಂಡು ಸಾಯುತ್ತವೆ. ಒರಟು ಕಡ್ಡಿಗೆ ಸುತ್ತಿ ಎಳೆದರೆ ಬರುತ್ತದೆ, ಎಳೆದದ್ದನ್ನು ಎಸೆಯುವ ಮುನ್ನ ಬಿಡಿಸಿ ನೋಡಿ.

ಇಷ್ಟಾದರೂ ಒಂದು ದಿನ ಐದೂವರೆಗೆ ಮೀನುಗಳು ಗುಟುಕರಿಸುತ್ತಿರುವುದು ಕಂಡೇ ಕಾಣುತ್ತದೆ. ಆಗ ಮೊದಲ ಕೆಲಸ, ಚೊಂಬಿನಲ್ಲಿ ಅದೇ ನೀರನ್ನು ಮೊಗೆದು ಒಂದಡಿ ಎತ್ತರದಿಂದ ಸುರಿಯುತ್ತಿರುವುದು. ಹತ್ತು ನಿಮಿಷ ಹೀಗೆ ಮಾಡಿದರೆ ಅವು ಕೆಳಗಿಳಿಯುತ್ತವೆ. ಆಮೇಲೆ ಅಷ್ಟೇ ಶಾಖದ, ಕ್ಲೋರಿನ್ ಕಳೆದ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ. ಇದಕ್ಕೆಂದೇ ಟಬ್ಬಿನ ಪಕ್ಕ ಮುಚ್ಚಿದ ಒಂದು ಡ್ರಮ್ ನೀರು ಸದಾ ಇರಬೇಕು. ಅಂದು ಮೇವು ಬೇಡ. ಸಂಜೆಯೊಳಗೆ ಕಾಲುಭಾಗ ಮೀನನ್ನು ಬೇರೆಡೆ ಸಾಗಿಸಿ, ಇಲ್ಲದಿದ್ದರೆ ನಾಳೆಯೂ ಚೊಂಬು ಹಿಡಿಯಬೇಕಾಗುತ್ತದೆ.

ಹೆಚ್ಚಾದ ಮೀನನ್ನು ಕೆರೆಗೋ ಹೊಳೆಗೋ ಬಿಡುವುದು ಪುಣ್ಯದ ಕೆಲಸವಲ್ಲ. ಗಪ್ಪಿ ಹೋದಲ್ಲೆಲ್ಲ ನೆಲೆಯೂರಿ ಅಲ್ಲಿನ ಸಣ್ಣ ಮೀನುಗಳ ಮೊಟ್ಟೆ ಮರಿ ತಿನ್ನುತ್ತದೆ. ಟಬ್ಬಿನ ಕಳೆಯನ್ನೂ ಚರಂಡಿಗೆ ಹಾಕದೆ ಒಣಗಿಸಿ ಗೊಬ್ಬರ ಮಾಡಿ. ಹೆಚ್ಚಾದ ಮೀನನ್ನು ಸಾಕುವವರಿಗೆ ಕೊಡಿ, ಅಥವಾ ಗಂಡುಗಳನ್ನು ಮಾತ್ರ ಇಟ್ಟುಕೊಳ್ಳಿ.

ರಾತ್ರಿ ನೀರು 20 ಡಿಗ್ರಿಗಿಂತ ಕೆಳಗಿಳಿಯಲು ತೊಡಗಿದಾಗ ಗಪ್ಪಿ, ಫೈಟರ್‌ಗಳನ್ನು ಒಳಗೆ ತನ್ನಿ. ಟಬ್ಬನ್ನು ಬರಿದು ಮಾಡುವಾಗ ಬಲೆಯಿಂದ ಅಟ್ಟಾಡಿಸುವ ಬದಲು, ಸೈಫನ್ ಬಾಯಿಗೆ ಜಾಲರಿ ಕಟ್ಟಿ ನೀರನ್ನು ನಾಲ್ಕು ಬೆರಳಿಗೆ ಇಳಿಸಿ, ಆಮೇಲೆ ಬಟ್ಟಲಲ್ಲಿ ಮೊಗೆಯಿರಿ. ಒಣಗಿಸಬೇಕೆಂದಿರುವ ಗಿಡವನ್ನೂ ಮೊದಲು ಒಂದು ಬಕೆಟ್ ನೀರಿನಲ್ಲಿ ಎರಡು ಮೂರು ದಿನ ಬಿಡಿ. ಎಲ್ಲ ಎಣಿಸಿ ಮುಗಿಸಿದ ಮೇಲೂ ಅದರಲ್ಲಿ ಉಗುರಿನಷ್ಟುದ್ದದ ನಾಲ್ಕಾರು ಮರಿ ಇದ್ದೇ ಇರುತ್ತವೆ.